ಸಿಂಹವಾಹಿನಿಯೊಡನೆ ಲಂಡನ್ನಿಗೆ

ಹೀತ್ರೋ

ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಸಮುದ್ರ ದಾಟಿದವನ ಬರಹವಿದು. ಅರಮನೆ, ಗಡಿಯಾರದ ಗೋಪುರ, ನದಿಯ ದಂಡೆಯ ದೊಡ್ಡ ತಿರುಗುವ ತೊಟ್ಟಿಲುಗಳ ವರ್ಣನೆಯನ್ನು ಓದುಗರು ಇಲ್ಲಿ ನಿರೀಕ್ಷಿಸಬಾರದು. ಅವೆಲ್ಲವನ್ನೂ ನೋಡಿದೆ. ಆದರೆ ನೋಡುವಾಗಲೂ ನನ್ನ ಒಂದು ಕೈ ಹೆಗಲಚೀಲದೊಳಗಿನ ದೇವರ ಸಂಪುಟದ ಮೇಲಿತ್ತು. ಒಂದು ಕೈ ಚೀಲದ ಮೇಲಿಟ್ಟುಕೊಂಡವನಿಗೆ ಊರು ಅರ್ಧವೇ ಕಾಣುತ್ತದೆ.

ನಿತ್ಯಪೂಜೆ ತಪ್ಪಬಾರದೆಂದು ಮನೆಯ ದೇವರನ್ನು ಜೊತೆಗೇ ತಂದಿದ್ದೆ. ಒಂದು ಸಾಲಿಗ್ರಾಮ, ಒಂದು ಬಾಣಲಿಂಗ, ಒಂದು ಗಂಟೆ, ಮತ್ತು ಸಿಂಹವಾಹಿನಿ. ಕೊನೆಯವಳ ಪರಿಚಯ ಇಲ್ಲಿಯೇ ಆಗಬೇಕು. ಊಟದ ಬಟ್ಟಲಿನ ಮುಚ್ಚಳದಷ್ಟು ಅಗಲವಾದ, ಕೈಗೆ ಭಾರವೆನಿಸುವ ಕಂಚಿನ ಬಿಲ್ಲೆಯ ಮೇಲೆ ದೇವಿ ನಿಂತಿದ್ದಾಳೆ. ಕೈಯಲ್ಲಿ ತ್ರಿಶೂಲ, ಮುಂದೆ ಸಿಂಹ, ಅಕ್ಕಪಕ್ಕದಲ್ಲಿ ಎರಡು ಮೀನುಗಳು. ಇನ್ನೊಂದು ಕೈಯಿಂದ ಮಾಲೆಯನ್ನು ಅನುಗ್ರಹಿಸುತ್ತಿದ್ದಾಳೆ. ಅಂಚಿನ ಸುತ್ತಲೂ ಎರಡು ಬೆರಳಗಲ ಬೆಳ್ಳಿಯ ಕಟ್ಟು, ಅದರ ಮೇಲೆ ಪದ್ಮದ ಎಸಳುಗಳು. ನಮ್ಮ ಮನೆಯಲ್ಲಿ ನೂರು ವರ್ಷಗಳಿಂದ ಈಕೆಗೆ ಕುಂಕುಮಾರ್ಚನೆ ನಡೆದುಬಂದಿದೆ.

ಸುಂಕದ ಕಟ್ಟೆಯಲ್ಲಿ ನಡುವಯಸ್ಸಿನ ಅಧಿಕಾರಿಯೊಬ್ಬ ಸಂಪುಟವನ್ನು ತೆರೆಸಿದ. ಅವನ ಎದೆಯ ಮೇಲೆ ಕೆಂಪು ಕಾಗದದ ಹೂವೊಂದು ಇತ್ತು. ಸಾಲಿಗ್ರಾಮವನ್ನು ಕಂಡು ಅವನ ಮುಖದಲ್ಲಿ ಏನೂ ಮೂಡಲಿಲ್ಲ. ಸಿಂಹವಾಹಿನಿಯನ್ನು ಕಂಡಾಗ ಮಾತ್ರ ಅವನ ಕೈ ನಿಂತಿತು.

"ಇದೇನು?" ಎಂದ.

"ದೇವರು," ಎಂದೆ.

ಅವನು ನನ್ನ ಮುಖವನ್ನೂ ದೇವಿಯ ಮುಖವನ್ನೂ ಎರಡೆರಡು ಸಲ ನೋಡಿದ. ಆಮೇಲೆ ಎರಡೂ ಕೈಗಳಿಂದ ಮುಚ್ಚಳ ಮುಚ್ಚಿ, "ಜೋಪಾನ ಮಾಡಿ, ಸರ್," ಎಂದು ನನ್ನತ್ತ ಸರಿಸಿದ.

ಅಷ್ಟು ಮರ್ಯಾದೆ ನನಗೆ ಸರಿ ಕಾಣಲಿಲ್ಲ. ಹತ್ತು ಹೆಜ್ಜೆ ನಡೆದು ಕಂಬದ ಮರೆಯಲ್ಲಿ ಕುಳಿತು ಸಂಪುಟ ತೆರೆದು ಎಣಿಸಿದೆ. ಎಲ್ಲವೂ ಇದ್ದವು. ಇದ್ದದ್ದರಿಂದ ಸಂಶಯ ಇನ್ನೂ ಹೆಚ್ಚಿತು.

ಕೊಲಿಂಡೇಲ್

ನನ್ನ ತಂಗಿಯ ಮಗಳು ವೈಶಾಲಿ ಹಲ್ಲಿನ ವೈದ್ಯೆ. ಅವಳೂ ಅವಳ ಗಂಡ ಸಮೀರನೂ ಕೊಲಿಂಡೇಲಿನಲ್ಲಿ ಹೊಸ ಫ್ಲ್ಯಾಟು ಕೊಂಡಿದ್ದರು. ಗೃಹಪ್ರವೇಶವನ್ನು ಸೋದರಮಾವನೇ ಮಾಡಿಸಬೇಕೆಂಬುದು ಅವಳ ಹಟ. ನಾನು ಜೀವಮಾನವೆಲ್ಲ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಟ್ಟವನು. ಪೌರೋಹಿತ್ಯ ನನ್ನ ವೃತ್ತಿಯಲ್ಲ. ಆದರೂ ಹೊರಟದ್ದಕ್ಕೆ ಬೇರೊಂದು ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಆ ಊರಿನ ಜನರನ್ನು ಮೊದಲ ವಾರವೆಲ್ಲ ನಾನು ಬಹು ಜಾಗರೂಕತೆಯಿಂದ ಗಮನಿಸಿದೆ. ನೆಲದಡಿಯ ರೈಲಿನಲ್ಲಿ ಮೊಳಕಾಲಿಗೆ ಮೊಳಕಾಲು ತಾಗಿಸಿ ಕುಳಿತರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನಮ್ಮ ಕಡೆ ವಿಜಯಪುರದಲ್ಲಿ ರೈಲು ಹತ್ತಿದವನು ಗದಗ ಬರುವುದರೊಳಗೆ ಎದುರಿನವನ ಗೋತ್ರ, ಮಕ್ಕಳ ಸಂಖ್ಯೆ, ಮೂಲವ್ಯಾಧಿಯ ಔಷಧ ಎಲ್ಲವನ್ನೂ ತಿಳಿದಿರುತ್ತಾನೆ. ಒಂದು ದಿನ ನಾನು ಒಬ್ಬನ ಕಾಲು ತುಳಿದೆ. ಅವನೇ ನನಗೆ "ಸಾರಿ" ಎಂದ. ತುಳಿಸಿಕೊಂಡವನು ಕ್ಷಮೆ ಕೇಳುವುದೆಂದರೇನು? ತಕ್ಷಣ ಜೇಬು ಮುಟ್ಟಿ ನೋಡಿಕೊಂಡೆ.

ಹೂವಿನ ವಿಷಯವೂ ಹಾಗೆಯೇ. ಸುಂಕದವನ ಎದೆಯ ಕೆಂಪು ಹೂವು ಬಸ್ಸಿನ ಚಾಲಕನ ಎದೆಯಲ್ಲೂ, ಹಾಲಿನ ಅಂಗಡಿಯ ಸರದಾರಜಿಯ ಎದೆಯಲ್ಲೂ ಇತ್ತು. ಯಾವುದೋ ಪಕ್ಷದ ಗುರುತಿರಬೇಕೆಂದುಕೊಂಡು, ಹೂವಿದ್ದವರು ಬಂದಾಗ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಿದ್ದೆ.

"ಮಾಮಾ, ಅದು ಯುದ್ಧದಾಗ ಸತ್ತವರ ನೆನಪಿಗೆ ಹಾಕ್ಕೋತಾರ," ಎಂದು ವೈಶಾಲಿ ನಕ್ಕಳು. "ನವೆಂಬರ್ ಬಂತಂದ್ರ ಎಲ್ಲಾರೂ ಹಾಕ್ಕೋತಾರ."

"ಎಲ್ಲರ ಮನ್ಯಾಗೂ ಸತ್ತಾರೇನು?"

"ನೂರು ವರ್ಷದ ಹಿಂದ ಹೆಚ್ಚೂ ಕಡಿಮಿ ಎಲ್ಲರ ಮನ್ಯಾಗೂ. ನಮ್ಮ ಮನ್ಯಾಗ ಇಲ್ಲೇನು ಹಂಗಾರ?"

ಸತ್ತಿದ್ದಾರೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಅದೇ ನಾನು ಬಂದ ಕಾರಣ.

ನನ್ನ ಅಜ್ಜನ ತಮ್ಮ ನರಹರಿ ಆ ಮೊದಲ ಮಹಾಯುದ್ಧಕ್ಕೆ ಹೋದ. ಸೈನ್ಯದ ಸರಕು ಸಾಗಿಸುವ ದಳದಲ್ಲಿ ಬರೆಯುವ ಕೆಲಸವೆಂದು ಮನೆಯವರಿಗೆ ತಿಳಿಸಿದ್ದ. ಸಮುದ್ರದಾಚೆಯ ಬಸ್ರಾ ಬಂದರಿನಿಂದ ಒಂದು ಕಾಗದ ಬಂದಿತು, ಆಮೇಲೆ ಏನೂ ಬರಲಿಲ್ಲ. ಊರಿನಲ್ಲಿ ಒಬ್ಬರು ಸತ್ತನೆಂದರು, ಇನ್ನೊಬ್ಬರು ಅಲ್ಲಿಯೇ ಯಾರನ್ನೋ ಕಟ್ಟಿಕೊಂಡು ಉಳಿದನೆಂದರು. ಅವನ ಹೆಂಡತಿ ತುಂಗಕ್ಕನಿಗೆ ಆಗ ಹದಿನೈದು. ನಾನು ಕಂಡ ತುಂಗಜ್ಜಿ ಮುದುಕಿ. ಹಣೆಯ ತುಂಬ ಕುಂಕುಮವಿಟ್ಟು ಪ್ರತಿದಿನ ಸಿಂಹವಾಹಿನಿಯ ಮುಂದೆ ಕುಳಿತು ಗಂಡನ ಆಯುಷ್ಯಕ್ಕಾಗಿ ಅರ್ಚನೆ ಮಾಡುತ್ತಿದ್ದಳು. ನನ್ನ ತಾಯಿ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ.

ದೇಶಾಂತರ ಹೋದವನ ಸುದ್ದಿ ಹನ್ನೆರಡು ವರ್ಷ ಬಾರದಿದ್ದರೆ ದರ್ಭೆಯ ಪ್ರತಿಕೃತಿ ಮಾಡಿ ಸಂಸ್ಕಾರ ಮಾಡಬೇಕೆಂದು ಶಾಸ್ತ್ರ. ನನ್ನ ಮುತ್ತಜ್ಜ, ಅಂದರೆ ನರಹರಿಯ ತಂದೆ ಶಂಕರಶಾಸ್ತ್ರಿಗಳು, ಆ ಪ್ರಾಂತದಲ್ಲಿಯೇ ಧರ್ಮಶಾಸ್ತ್ರಕ್ಕೆ ಹೆಸರಾದವರು. ಯಾರಾದರೂ ನೆನಪಿಸಿದರೆ, "ಹನ್ನೆರಡು ವರ್ಷದ ಲೆಕ್ಕ ನನಗ ಗೊತ್ತದ" ಎಂದು ಎದ್ದುಹೋಗುತ್ತಿದ್ದರಂತೆ. ಸಂಸ್ಕಾರ ಆಗಲೇ ಇಲ್ಲ. ತುಂಗಜ್ಜಿ ತೀರಿಕೊಂಡಾಗ ಕರ್ತೃವಾಗಿ ನಿಂತವನು ನಾನು, ಇಪ್ಪತ್ತೆಂಟರ ಯುವಕ. ಮುತ್ತೈದೆಯೋ ವಿಧವೆಯೋ ಎಂದು ಪುರೋಹಿತರು ಕೇಳಿದರು. "ಮುತ್ತೈದೆ" ಎಂದೆ. ಹಸಿರು ಸೀರೆ ಉಡಿಸಿ, ಹೂವು ಮುಡಿಸಿ ಕಳಿಸಿದೆವು.

ಆ ಒಂದು ಮಾತಿಗೆ ಬದ್ಧನಾಗಿ ಅರ್ಧ ಶತಮಾನ ನರಹರಿಗೆ ತರ್ಪಣ ಕೊಟ್ಟಿಲ್ಲ. ಬದುಕಿರುವವನಿಗೆ ಎಳ್ಳುನೀರು ಬಿಡುವುದು ಮಹಾಪಾಪ. ಆದರೆ ಅವನು ಸತ್ತಿದ್ದರೆ? ಅನ್ಯದೇಶದ ಮರಳಿನಲ್ಲಿ ಬಿದ್ದ ಒಂದು ಜೀವ ನೂರು ವರ್ಷಗಳಿಂದ ನಮ್ಮ ಮನೆಯ ಕಡೆ ಬಾಯಾರಿ ನೋಡುತ್ತಿದ್ದರೆ? ನನ್ನ ನಂತರ ನಮ್ಮ ವಂಶದಲ್ಲಿ ಕೇಳುವವರಿಲ್ಲ. ಲಂಡನ್ನಿನಲ್ಲಿ ಆ ಯುದ್ಧದ ಕಾಗದಪತ್ರಗಳಿವೆಯೆಂದು ಯಾರೋ ಹೇಳಿದ್ದರು. ಸತ್ತನೋ ಇಲ್ಲವೋ ಎಂಬುದಷ್ಟೇ ನನಗೆ ಬೇಕಾಗಿತ್ತು.

ಗೃಹಪ್ರವೇಶ ಸಾಂಗವಾಗಿ ನಡೆಯಿತು. ದೇವರನ್ನು ಎತ್ತ ಮುಖಮಾಡಿ ಇಡಬೇಕೆಂದು ಸಮೀರ ಕೇಳಿದಾಗ ದಿಕ್ಕುಗಳ ಮಾತು ಬಂದಿತು. ನಮ್ಮ ಮನೆತನದ ಒಂದು ವಿಚಿತ್ರ ಪದ್ಧತಿಯನ್ನು ಹೇಳಿದೆ. ಮಹಾಲಯದಲ್ಲಿ ಎಲ್ಲರಿಗೂ ಪಿಂಡವಿಟ್ಟ ಮೇಲೆ, ಹೆಸರು ಹೇಳದೆ ಇನ್ನೊಂದನ್ನು ಬೇರೆ ದರ್ಭೆಯ ಮೇಲೆ ಪಶ್ಚಿಮದ ಕಡೆಗೆ ಇಡುತ್ತೇವೆ. ಯಾವ ಪ್ರಯೋಗಗ್ರಂಥದಲ್ಲೂ ಅದಿಲ್ಲ. ವೈದಿಕರು ನಗುತ್ತಾರೆ. ಏಕೆಂದು ನನ್ನ ಅಪ್ಪನನ್ನು ಕೇಳಿದ್ದೆ. ಅವರು ತಮ್ಮ ಅಪ್ಪ ಹಾಗೆ ಇಡುತ್ತಿದ್ದರೆಂದರು.

"ಕಾರಣ ಗೊತ್ತಿಲ್ಲದ ಮಾಡ್ತೀರೇನ್ರಿ? ನಿಮ್ಮಂಥಾ ಸಂಶಯದ ಮನಶ್ಯಾ?" ಎಂದ ಸಮೀರ.

"ಹಿರಿಯರ ಮ್ಯಾಲೆ ಸಂಶಯಪಡಬಾರದಪಾ," ಎಂದೆ. ಆ ಮಾತು ನನಗೆ ಆಮೇಲೆ ನೆನಪಾಯಿತು.

ವಸ್ತುಸಂಗ್ರಹಾಲಯ

ನದಿಯ ದಕ್ಷಿಣಕ್ಕೆ ಯುದ್ಧದ ವಸ್ತುಗಳನ್ನಿಟ್ಟ ದೊಡ್ಡ ಸಂಗ್ರಹಾಲಯವಿದೆ. ದಾಖಲೆಗಳ ಕಚೇರಿಗೆ ಹೋಗುವ ಮೊದಲು ಇದನ್ನು ನೋಡೋಣವೆಂದು ವೈಶಾಲಿ ರಜೆ ಹಾಕಿ ಹೊರಟಳು. ಅಂದು ಬಿಸಿನೀರಿನ ಯಂತ್ರ ದುರಸ್ತಿಗೆ ಪ್ಲಂಬರ್ ಬರುವವನಿದ್ದ. ನಾನು ಸಂಪುಟವನ್ನು ಚೀಲಕ್ಕೆ ಹಾಕಿಕೊಂಡೆ.

"ಮಾಮಾ, ಅವಗ ನಿಮ್ಮ ದೇವರು ಯಾಕ ಬೇಕ್ರಿ? ಸಮೀರ ಮನ್ಯಾಗೇ ಇರ್ತಾನಲಾ."

"ಸಮೀರ ಫೋನಿನ್ಯಾಗ ಇರ್ತಾನ. ಮನ್ಯಾಗ ಪ್ಲಂಬರ್ ಇರ್ತಾನ."

"ನಿಮ್ಮ ಸಂಶಯಕ್ಕ ಮದ್ದಿಲ್ಲ ಬಿಡ್ರಿ," ಎಂದು ಅವಳು ಕೈ ಮುಗಿದಳು.

ಒಳಗೆ ಯುದ್ಧದ ಕಾರಣಗಳನ್ನು ಗೋಡೆಯ ಮೇಲೆ ಬರೆದಿದ್ದರು. ಒಬ್ಬ ರಾಜಕುಮಾರನ ಕೊಲೆ, ಅರಸರ ನಡುವಿನ ಒಪ್ಪಂದಗಳು, ಹಡಗು ಕಟ್ಟುವ ಪೈಪೋಟಿ, ವಸಾಹತುಗಳ ಆಸೆ. ನಿಧಾನವಾಗಿ ಎಲ್ಲವನ್ನೂ ಓದಿದೆ. ಬರಹ ಶುದ್ಧವಾಗಿತ್ತು, ವಾದವೂ ಕ್ರಮವಾಗಿತ್ತು. ಆದರೂ ಮನಸ್ಸು ಒಪ್ಪಲಿಲ್ಲ.

ನಮ್ಮ ತರ್ಕಶಾಸ್ತ್ರದಲ್ಲಿ ಕಾರಣದ ಪಾಠಕ್ಕೆ ಮಡಕೆಯೇ ಉದಾಹರಣೆ. ಮಡಕೆಗೆ ಮಣ್ಣು ಕಾರಣ, ಕುಂಬಾರ ಕಾರಣ, ಅವನ ಕೋಲು ಮತ್ತು ಚಕ್ರ ಕಾರಣ. ಆದರೆ ಮಣ್ಣನ್ನು ಹೊತ್ತು ತಂದ ಕತ್ತೆ ಕಾರಣವಲ್ಲ. ಅದು ಅನ್ಯಥಾಸಿದ್ಧ, ಅಂದರೆ ಅಲ್ಲಿದ್ದರೂ ಲೆಕ್ಕಕ್ಕಿಲ್ಲದ್ದು. ಮೂವತ್ತು ವರ್ಷ ಈ ಪಾಠ ಹೇಳಿದ್ದೇನೆ. ಹುಡುಗರು ಕತ್ತೆಗಾಗಿ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ಗೋಡೆಯ ಮುಂದೆ ನಗು ಬರಲಿಲ್ಲ. ಸರಕು ಸಾಗಿಸುವ ದಳದ ನರಹರಿ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಅವನು ಹೋದದ್ದಕ್ಕೆ ನಮ್ಮ ಮನೆಯಲ್ಲಿ ಹೇಳುವ ಕಾರಣ ಬೇರೆ. ತಾಲೂಕಿನ ಮಾಮಲೇದಾರ ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು ಒಂದು ಲೋಟ ಹಾಲು ಕುಡಿದ. "ದೊಡ್ಡ ಮನೆಗಳಿಂದ ಒಬ್ಬೊಬ್ಬರಾದರೂ ಹೋದರೆ ಸರ್ಕಾರಕ್ಕೆ ಸಂತೋಷ" ಎಂದು ಮುತ್ತಜ್ಜನಿಗೆ ಹೇಳಿದ. ಮುತ್ತಜ್ಜ ಇಲ್ಲವೆನ್ನಲಿಲ್ಲ. ನಮ್ಮ ಮನೆಯ ಮಟ್ಟಿಗೆ ಮಹಾಯುದ್ಧದ ಕಾರಣ ಆ ಒಂದು ಲೋಟ ಹಾಲು.

ಹೀಗೆ ಯೋಚಿಸುತ್ತ ಮುಂದಿನ ಕೋಣೆಗೆ ಕಾಲಿಟ್ಟವನು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟೆ. ಒಳಗೆ ಸಿಂಹವಾಹಿನಿ ಇದ್ದಳು.

ಅದೇ ತ್ರಿಶೂಲ, ಅದೇ ಸಿಂಹ, ಅದೇ ಎರಡು ಮೀನು. ನನ್ನ ಮೊದಲ ಭಾವನೆಯನ್ನು ಮುಚ್ಚಿಡುವುದಿಲ್ಲ. ಯಾವನೋ ನನ್ನ ಚೀಲದಿಂದ ಕದ್ದು ಅಲ್ಲಿಟ್ಟನೆಂದೇ ತಿಳಿದೆ. ನೆಲದ ಮೇಲೆ ಕುಳಿತು ಸಂಪುಟ ತೆರೆದೆ. ನನ್ನವಳು ನನ್ನಲ್ಲಿಯೇ ಇದ್ದಳು. ಅಷ್ಟರಲ್ಲಿ ಎದೆಯ ಮೇಲೆ ಕೆಂಪು ಹೂವಿದ್ದ ಮುದುಕನೊಬ್ಬ ಬಂದ. ಅಲ್ಲಿ ಬಂದವರಿಗೆ ವಿವರ ಹೇಳುವ ಸ್ವಯಂಸೇವಕ, ಹೆಸರು ಹ್ಯಾರಿಸ್, ವಯಸ್ಸು ನನ್ನದೇ. ಮೊಳಕಾಲು ನೋವಿನಿಂದ ನರಳುತ್ತ ಅವನೂ ನನ್ನ ಪಕ್ಕದಲ್ಲಿ ನೆಲಕ್ಕೆ ಕುಳಿತ.

"ನೋಡಬಹುದೇ?" ಎಂದ. ಮುಟ್ಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದ.

"ಕೊಡಬ್ಯಾಡ ವೈಶಾಲಿ, ಇವರ ವಸ್ತು ಅಂತ ಇಟ್ಕೊಂಡಾರು," ಎಂದೆ.

"ಮಾಮಾ, ಸುಮ್ಮನ ಕೇಳ್ರಿ," ಎಂದಳು. ಅವಳ ದನಿ ಬದಲಾಗಿತ್ತು. ಗಾಜಿನ ಕೆಳಗಿನ ವಿವರವನ್ನು ಅವಳು ಆಗಲೇ ಓದಿದ್ದಳು.

ಹ್ಯಾರಿಸ್ ಹೇಳಿದ್ದನ್ನು ಅವಳು ತುಂಡುತುಂಡಾಗಿ ನನಗೆ ದಾಟಿಸಿದಳು. ಈ ಸ್ತ್ರೀ ಅವರ ದೇಶದ ಪ್ರತಿಮೆ, ಸಿಂಹ ಅವರ ಬಲದ ಗುರುತು, ಮೀನುಗಳು ಸಮುದ್ರದ ಒಡೆತನ. ಯುದ್ಧ ಮುಗಿದ ಮೇಲೆ ಸತ್ತವರ ಮನೆಗಳಿಗೆ ಸರ್ಕಾರ ಒಂದೊಂದು ಬಿಲ್ಲೆ ಕಳಿಸಿತು. ಅಂಚಿನ ಸುತ್ತ, ಸ್ವಾತಂತ್ರ್ಯಕ್ಕಾಗಿ ಗೌರವಕ್ಕಾಗಿ ಮಡಿದನು ಎಂಬ ಅಕ್ಷರಗಳಿರುತ್ತವೆ. ನಿಮ್ಮದರಲ್ಲಿ ಅವು ಬೆಳ್ಳಿಯ ಕೆಳಗಿರಬೇಕು. ಇನ್ನು ಇದೋ, ಮಾಲೆಯ ಕೆಳಗಿನ ಈ ಚೌಕದಲ್ಲಿ ಸತ್ತವನ ಹೆಸರಿರುತ್ತದೆ.

ನಾನು ಅದನ್ನು ದೇವಿಯ ಪೀಠವೆಂದು ತಿಳಿದು ದಿನವೂ ಅಲ್ಲಿಯೇ ಕುಂಕುಮ ಏರಿಸುತ್ತಿದ್ದೆ.

"ಯಾರ ಸ್ವಾತಂತ್ರ್ಯ?" ಎಂದು ಕೇಳಿದೆ. ಆ ಕಾಲಕ್ಕೆ ನಮಗೆ ಅದು ಇರಲಿಲ್ಲವಷ್ಟೆ.

ಹ್ಯಾರಿಸ್ ಗಾಜಿನೊಳಗಿನ ಬಿಲ್ಲೆಯತ್ತ ತಿರುಗಿದ. "ನನ್ನ ಅಜ್ಜಿಯೂ ಹಾಗೆಯೇ ಕೇಳುತ್ತಿದ್ದಳಂತೆ. ಅವಳಿಗೆ ಬಂದದ್ದನ್ನು ಹಿತ್ತಲ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಡುತ್ತಿದ್ದಳು. ಸಾಯುವವರೆಗೂ ಅದನ್ನು ಕಾಲಿನಿಂದಲೇ ಸರಿಸಿದಳು. ನೀವು ಇದಕ್ಕೇನು ಮಾಡುತ್ತೀರಿ?"

"ಪೂಜೆ," ಎಂದಳು ವೈಶಾಲಿ.

ಅವನು ನಗಲಿಲ್ಲ. ನಕ್ಕಿದ್ದರೆ ನನಗೆ ಸಿಟ್ಟಾಗಲು ಒಂದು ಆಧಾರವಾದರೂ ಸಿಗುತ್ತಿತ್ತು.

ಮರಳುವ ರೈಲು

ಆ ರೈಲಿನಲ್ಲಿ ನಾನೂ ಯಾರ ಮುಖವನ್ನೂ ನೋಡಲಿಲ್ಲ.

ತುಂಗಜ್ಜಿ ಗಂಡನ ಆಯುಷ್ಯಕ್ಕಾಗಿ ಅವನ ಸಾವಿನ ಪತ್ರಕ್ಕೇ ಕುಂಕುಮ ಏರಿಸುತ್ತಿದ್ದಳು! ಎಂಥ ಕ್ರೂರ ವಿನೋದ. ಇದನ್ನು ಅವಳ ಕೈಗೆ ಕೊಟ್ಟವರು ಯಾರು? ನನ್ನ ಸಂಶಯ ಒಬ್ಬೊಬ್ಬರ ಮೇಲೆ ಹರಿಯಿತು. ಟಪಾಲಿನವನು ಮೋಸ ಮಾಡಿದನೇ? ಮಾಮಲೇದಾರ ಮುಖ ತಪ್ಪಿಸಲು ಹೀಗೆ ಮಾಡಿದನೇ? ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರಿಲ್ಲದೆ ನಿಜವಾಗಿಯೂ ದೇವಿಯೆಂದೇ ತಿಳಿದರೇ? ಅದು ಕ್ಷಮ್ಯ. ತ್ರಿಶೂಲ, ಸಿಂಹ ಎರಡನ್ನೂ ಕಂಡ ಯಾವ ಆಸ್ತಿಕನಾದರೂ ಕೈ ಮುಗಿದಾನು.

"ಹೆಸರು ನಮ್ಮಜ್ಜಂದು ಇಲ್ದಿದ್ರ?" ಎಂದಳು ವೈಶಾಲಿ ಮೆಲ್ಲನೆ. "ಕುಂಕುಮ ತೊಳೆದು ನೋಡೋಣಲ್ರಿ."

"ತೊಳದೇನಿ. ನೂರು ಸಲ ತೊಳದೇನಿ. ಅಲ್ಲಿ ಅಕ್ಷರ ಇಲ್ಲ. ಕಪ್ಪಗ, ನುಣ್ಣಗ, ಗಟ್ಟಿಯಾಗಿ ಏನೋ ಐತಿ."

ಏನೋ ಇದೆ ಎಂದು ಹೇಳಿದ ಮೇಲೆಯೇ, ಅದನ್ನು ಅಲ್ಲಿ ಯಾರೋ ಇಟ್ಟಿರಬೇಕೆಂಬುದು ನನಗೆ ಹೊಳೆಯಿತು.

ಕ್ವೀನ್ಸ್‌ಬರಿ

ಪೂಜಿತ ವಿಗ್ರಹವನ್ನು ಸುಮ್ಮನೆ ಬಿಚ್ಚುವಂತಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಒಂದು ತಂಬಿಗೆ ನೀರಿಟ್ಟು, ಮಂತ್ರಪೂರ್ವಕವಾಗಿ ದೇವಿಯ ಸಾನ್ನಿಧ್ಯವನ್ನು ಬಿಲ್ಲೆಯಿಂದ ನೀರಿಗೆ ಕರೆದೆ. ಇದಕ್ಕೆ ಕಲಾಕರ್ಷಣೆಯೆನ್ನುತ್ತಾರೆ. ಕರೆಯುವಾಗ ಒಂದು ಕ್ಷಣ ಅಳುಕಿದೆ: ಅವರ ದೇಶದ ಪ್ರತಿಮೆಯಲ್ಲಿ ಕರೆಯಲು ಏನಾದರೂ ಇತ್ತೇ? ತಕ್ಷಣ ನಾಲಗೆ ಕಚ್ಚಿಕೊಂಡೆ. ನೂರು ವರ್ಷ ಒಬ್ಬ ಹೆಣ್ಣುಮಗಳು ಮತ್ತು ಅವಳು ಸಾಕಿದವನು ಕರೆದ ಕಡೆಗೆ ತಾಯಿ ಬರದಿರುವಳೇ? ತಂಬಿಗೆಯನ್ನು ದೇವರ ಮಾಡದಲ್ಲಿಟ್ಟು, ಬರಿಯ ಬಿಲ್ಲೆಯನ್ನು ವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆವು.

ಕ್ವೀನ್ಸ್‌ಬರಿಯ ಬೀದಿಯಲ್ಲಿ ವೀಳ್ಯದೆಲೆ, ತೆಂಗಿನಕಾಯಿ, ಹಾಗಲಕಾಯಿಗಳ ಅಂಗಡಿಗಳ ನಡುವೆ ಗುಜರಾತಿ ಅಕ್ಕಸಾಲಿಗನ ಒಂದು ಇಕ್ಕಟ್ಟಾದ ಅಂಗಡಿಯಿತ್ತು. ಅಕ್ಕನ ಚಿನ್ನವನ್ನೂ ಬಿಡದವನು ಅಕ್ಕಸಾಲಿ ಎಂಬ ಗಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಕುರ್ಚಿಯಲ್ಲಿ ಕೂರದೆ ಅವನ ಮೇಜಿಗೆ ಆತು ನಿಂತೆ.

"ದಾದಾಜಿ, ನನ್ನ ಬೆಳಕಿಗೆ ಅಡ್ಡ ನಿಂತಿದ್ದೀರಿ," ಎಂದ ಅವನು ಹಿಂದಿಯಲ್ಲಿ. "ಈ ವಯಸ್ಸಿನಲ್ಲಿ ಇಷ್ಟು ಬೆಳ್ಳಿ ತೆಗೆದುಕೊಂಡು ನಾನು ಎಲ್ಲಿಗೆ ಓಡಲಿ? ನನಗೂ ಮಂಡಿ ನೋವು."

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಿಲ್ಲೆಯನ್ನು ಬಹಳ ಹೊತ್ತು ತಿರುಗಿಸಿದ. ಆಮೇಲೆ ಅವನ ತಮಾಷೆ ನಿಂತಿತು.

"ಈ ಕಟ್ಟು ಹಾಕಿಸಿದವರು ಯಾರು?"

"ನಮ್ಮ ಹಿರಿಯರು. ಏಕೆ?"

"ದೇವರಿಗೆ ಬೆಳ್ಳಿ ಕಟ್ಟುವವರು ತೊಳೆಯುವಾಗ ಬಿಚ್ಚಲು ಬರುವಂತೆ ಕಟ್ಟಿಸುತ್ತಾರೆ. ಇದರ ಹಲ್ಲುಗಳನ್ನು ಒಳಕ್ಕೆ ಮಡಚಿ ಮೇಲೆ ಬೆಸುಗೆ ಹಾಕಿದ್ದಾರೆ. ಎಂದೂ ಬಿಚ್ಚಬಾರದೆಂದು ಹೇಳಿ ಮಾಡಿಸಿದ ಕೆಲಸ. ಮತ್ತೆ ಇಲ್ಲಿ ನೋಡಿ." ಸಲಾಕೆಯ ತುದಿಯಿಂದ ಪೀಠವನ್ನು, ಅಲ್ಲ, ಆ ಚೌಕವನ್ನು ತೋರಿಸಿದ. "ಇದು ಕೊಳೆಯಲ್ಲ, ಅರಗು. ಕರಗಿಸಿ ಹೊಯ್ದು, ಮಟ್ಟಮಾಡಿ ಉಜ್ಜಿದ್ದಾರೆ. ಯಾರೋ ಏನನ್ನೋ ಮುಚ್ಚಿದ್ದಾರೆ, ದಾದಾಜಿ."

ಬೆಳ್ಳಿಯ ಕಟ್ಟು ಮುತ್ತಜ್ಜ ಶಂಕರಶಾಸ್ತ್ರಿಗಳು ಮಾಡಿಸಿದ್ದೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವರು ತಮ್ಮ ಬಲಗೈಯ ಬೆಳ್ಳಿಯ ಕಡಗವನ್ನು ಕರಗಿಸಲು ಕೊಟ್ಟರೆಂದು ಹೆಮ್ಮೆಯಿಂದ ಹೇಳುತ್ತಿದ್ದೆವು.

"ಬಿಚ್ಚಲೇ?" ಎಂದ.

ವೈಶಾಲಿ ನನ್ನ ಮೊಣಕೈ ಹಿಡಿದಳು. "ಬ್ಯಾಡಂದ್ರ ಬ್ಯಾಡ ಮಾಮಾ. ಹಿಂಗ ವಾಪಸ್ ಹೋಗೂಣು."

"ಬಿಚ್ಚಲಿ," ಎಂದೆ.

ಹಲ್ಲುಗಳನ್ನು ಒಂದೊಂದಾಗಿ ಎತ್ತಿ ಕಟ್ಟನ್ನು ತೆಗೆದ. ಕೆಳಗೆ, ಗಾಜಿನ ಪೆಟ್ಟಿಗೆಯಲ್ಲಿ ಕಂಡಂಥವೇ ಅಕ್ಷರಗಳು ನೂರು ವರ್ಷ ಗಾಳಿ ತಾಗದೆ ಹೊಸದಾಗಿ ಹೊಳೆಯುತ್ತಿದ್ದವು. ಆಮೇಲೆ ಸಣ್ಣ ಜ್ವಾಲೆಯನ್ನು ಬಿಲ್ಲೆಯ ಹಿಂಬದಿಗೆ ತೋರಿಸಿದ. ಅರಗಿನ ವಾಸನೆ ಬಂದಿತು. ಸಲಾಕೆಯ ತುದಿ ತಾಗಿಸಿದೊಡನೆ ಅದು ಒಡೆಯದೆ, ಒಂದೇ ತುಂಡಾಗಿ ಎದ್ದು ಬಂದಿತು. ಚೌಕದಲ್ಲಿ ನರಹರಿಯ ಹೆಸರಿತ್ತು, ಅದರ ಮುಂದೆ ಅವನ ತಂದೆಯ ಹೆಸರು.

ಅಕ್ಕಸಾಲಿಗ ಅರಗಿನ ತುಂಡನ್ನು ಅಂಗೈಯಲ್ಲಿ ಮಗುಚಿ ನನ್ನ ಮುಂದೆ ಹಿಡಿದ. ಅದರ ಒಳಮೈಯಲ್ಲಿಯೂ ಅದೇ ಹೆಸರು ತಿರುವುಮುರುವಾಗಿ ಅಚ್ಚಾಗಿತ್ತು.

ನಾನು ಆಗ ಕುರ್ಚಿಯಲ್ಲಿ ಕುಳಿತೆ.

ಅದೇ ಹೆಸರಿನ ತಂದೆಮಕ್ಕಳು ಬೇರೆ ಯಾರೋ ಇದ್ದು, ಬಿಲ್ಲೆ ವಿಳಾಸ ತಪ್ಪಿ ಬಂದಿರಬಹುದು. ಅಲ್ಲಿಯೂ ಸಂಶಯಪಟ್ಟೆ, ಅಭ್ಯಾಸಬಲ. ಆದರೆ ಬೇರೊಬ್ಬರ ಮಗನ ಸಾವನ್ನು ಯಾವ ತಂದೆ ತನ್ನ ಕಡಗ ಕರಗಿಸಿ ಮುಚ್ಚುತ್ತಾನೆ?

ವಿಧವೆಯಾದ ಹೆಣ್ಣುಮಗುವಿಗೆ ಆ ಕಾಲದಲ್ಲಿ ನಮ್ಮಂಥ ಮನೆಗಳಲ್ಲಿ ಏನು ಮಾಡುತ್ತಿದ್ದರೆಂಬುದು ಈಗಿನವರಿಗೆ ತಿಳಿದಿರಲಿಕ್ಕಿಲ್ಲ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಕತ್ತಲೆಯ ಕೋಣೆಯೊಂದನ್ನು ಕೊಡುತ್ತಿದ್ದರು. ಅದಕ್ಕೆ ಬೇಕಾದ ವಚನಗಳನ್ನು ಪ್ರಾಂತಕ್ಕೆಲ್ಲ ಹೇಳಿಕೊಡುತ್ತಿದ್ದವರು ಶಂಕರಶಾಸ್ತ್ರಿಗಳೇ. ಮಾಮಲೇದಾರನಿಗೆ ಇಲ್ಲವೆನ್ನದೆ ಮಗನನ್ನು ಕಳಿಸಿದವರೂ ಅವರೇ. ಬಿಲ್ಲೆ ಕೈಗೆ ಬಂದ ದಿನ ಇನ್ನೂ ಇಪ್ಪತ್ತು ತುಂಬದ ಸೊಸೆ ಒಳಗೆ ಏನು ಮಾಡುತ್ತಿದ್ದಳೋ ನಾನರಿಯೆ. "ದೇವಿ ಬಂದಾಳವ್ವಾ, ದಿನಾ ಪೂಜಾ ಮಾಡು" ಎಂದು ಅವಳ ಕೈಗಿತ್ತರೆಂಬುದನ್ನು ಮಾತ್ರ ತುಂಗಜ್ಜಿಯ ಬಾಯಿಂದ ಹಲವು ಸಲ ಕೇಳಿದ್ದೆ.

ಲಂಡನ್ನಿಗೆ ಬಂದಾಗಿನಿಂದ ಸುಂಕದವನು, ಪ್ಲಂಬರ್, ಕಾಲು ತುಳಿಸಿಕೊಂಡವನು, ಹ್ಯಾರಿಸ್, ಅಕ್ಕಸಾಲಿಗ ಎಲ್ಲರ ಮೇಲೂ ಸಂಶಯಪಟ್ಟಿದ್ದೆ. ಅವರಲ್ಲಿ ಒಬ್ಬನೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವರು, ನಾನು ದಿನವೂ ಯಾರ ಹೆಸರು ಹೇಳಿ ನೀರು ಬಿಡುತ್ತೇನೋ ಅವರು.

ಅಮಾವಾಸ್ಯೆ

ಸತ್ತ ತಿಥಿ ತಿಳಿಯದವರಿಗೆ ಅಮಾವಾಸ್ಯೆಯೇ ತಿಥಿ. ಕಾರ್ತಿಕದ ಅಮಾವಾಸ್ಯೆಗೆ ಇನ್ನು ಕೆಲವೇ ದಿನಗಳಿದ್ದವು. ದಾಖಲೆಗಳ ಕಚೇರಿಗೆ ಹೋಗಬೇಕೆನ್ನಿಸಲಿಲ್ಲ. ಬೆಳ್ಳಿಯ ಕಟ್ಟನ್ನು ಅಕ್ಕಸಾಲಿಗ ಮತ್ತೆ ತೊಡಿಸಿಕೊಟ್ಟ, ಈ ಸಲ ಬಿಚ್ಚಲು ಬರುವಂತೆ. ಅರಗನ್ನು ಮತ್ತೆ ತುಂಬಿಸಲಿಲ್ಲ. ಮುಚ್ಚಿಡಬೇಕಾದವಳು ಈಗ ಇಲ್ಲ. ಅರಗಿನ ತುಂಡನ್ನು ರೇಷ್ಮೆಯ ಚೂರಿನಲ್ಲಿ ಸುತ್ತಿ ಸಂಪುಟದಲ್ಲಿಟ್ಟೆ. ತಂಬಿಗೆಯ ನೀರಿನಿಂದ ತಾಯಿಯನ್ನು ಮತ್ತೆ ಬಿಲ್ಲೆಗೆ ಕರೆದೆ. ಕರೆಯಬಹುದೇ ಎಂದು ಯಾವ ಗ್ರಂಥವನ್ನೂ ನೋಡಲಿಲ್ಲ.

ಅಂದು ವೈಶಾಲಿ ಮಡಿಯಲ್ಲಿ ಅನ್ನ ಮಾಡಿದಳು. ಎಲ್ಲ ಪಿತೃಗಳಿಗೂ ತರ್ಪಣ ಬಿಟ್ಟೆ. ಶಂಕರಶಾಸ್ತ್ರಿಗಳ ಹೆಸರು ಬಂದಾಗ ಕೈ ತಾನಾಗಿ ತಡೆಯಿತು. ಆಮೇಲೆ ಮೂರು ಬೊಗಸೆಯ ಬದಲು ನಾಲ್ಕು ಬಿಟ್ಟೆ. ಲೋಪವೆಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳುತ್ತೇನೆ. ಕೊನೆಗೆ ಒಂದು ಅನ್ನದ ಉಂಡೆ ಹಿಡಿದು ಬಾಲ್ಕನಿಗೆ ಬಂದೆ.

"ಪಶ್ಚಿಮ ಈ ಕಡೆ ಐತ್ರಿ," ಎಂದ ಸಮೀರ ಫೋನು ನೋಡುತ್ತ.

ಪಶ್ಚಿಮಕ್ಕೆ ಇಡಲು ಬಾಗಿದವನು ಹಾಗೆಯೇ ನಿಂತೆ. ಏಕೆ ಪಶ್ಚಿಮ? ನಮ್ಮೂರಿನಿಂದ ಬಸ್ರಾ ಪಶ್ಚಿಮಕ್ಕಿದೆ, ಸಮುದ್ರದ ಆಚೆಗೆ. ಹೆಸರು ಹೇಳಿದರೆ ಸೊಸೆಯ ಕುಂಕುಮ ಹೋಗುತ್ತದೆ. ಹೇಳದಿದ್ದರೆ ಮಗ ಹಸಿದಿರುತ್ತಾನೆ. ಆದ್ದರಿಂದ ಹೆಸರಿಲ್ಲದೆ, ಬೇರೆ ದರ್ಭೆಯ ಮೇಲೆ, ಅವನು ಬಿದ್ದ ದಿಕ್ಕಿಗೆ. ಮುತ್ತಜ್ಜನ ಕೈಯಿಂದ ಅಜ್ಜನ ಕೈಗೆ, ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ. ವೈದಿಕರ ನಗುವನ್ನು ನುಂಗಿಕೊಂಡು ಐವತ್ತು ವರ್ಷ ನಾನೇ ಅವನಿಗೆ ಉಣಿಸುತ್ತ ಬಂದಿದ್ದೆ. ನರಹರಿ ಒಂದು ವರ್ಷವೂ ಹಸಿದಿರಲಿಲ್ಲ.

"ಇಲ್ಲಿಂದ ಬಸ್ರಾ ಯಾವ ಕಡೆ ಬರ್ತದ ನೋಡಪಾ," ಎಂದೆ.

ಸಮೀರ ಬೆರಳಾಡಿಸಿ, ರೈಲುಹಳಿಯ ಆಚೆಗಿನ ಎತ್ತರದ ಕಟ್ಟಡಗಳ ಕಡೆ ಕೈ ತೋರಿಸಿದ. ಆಗ್ನೇಯ. ನಾನು ಆ ಕಡೆ ತಿರುಗಿ, ನಮ್ಮ ಗೋತ್ರ ಹೇಳಿ, ನೂರು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಹೆಸರನ್ನು ಗಟ್ಟಿಯಾಗಿ ಹೇಳಿ ಉಂಡೆಯನ್ನಿಟ್ಟೆ.

ಒಳಗೆ ಬರಬೇಕೆನ್ನುವಷ್ಟರಲ್ಲಿ ಒಂದು ನೆನಪು ಬಂದಿತು. ಮಹಾಲಯದ ದಿನ ತುಂಗಜ್ಜಿ ಎಲ್ಲರಿಗೂ ಬಡಿಸಿ, ತಾನು ಮಾತ್ರ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಬೇರೆ ಪಿಂಡಗಳನ್ನು ಕಾಗೆ ಮುಟ್ಟಿದರೂ ಕದಲುತ್ತಿರಲಿಲ್ಲ. ಪಶ್ಚಿಮದ ಒಂದನ್ನು ಮುಟ್ಟಿದ ಮೇಲೆಯೇ ಸೆರಗು ಸರಿಮಾಡಿಕೊಂಡು ಎಲೆಯ ಮುಂದೆ ಕೂರುತ್ತಿದ್ದಳು. "ಅಜ್ಜಿ, ಹಸಿವಾಗಂಗಿಲ್ಲೇನು?" ಎಂದರೆ, "ಕಾಗಿ ಉಣ್ಣಲಿ ತಡಿ" ಎನ್ನುತ್ತಿದ್ದಳು.

ಆಕೆಗೆ ಗೊತ್ತಿತ್ತೇ? ಮಾವ ತನಗಾಗಿ ಮುಚ್ಚಿದ್ದನ್ನು ಕಂಡೂ, ಆ ಮುದುಕನ ಮನಸ್ಸು ನೋಯಬಾರದೆಂದು ಕಾಣದವಳಂತೆ ಪ್ರತಿದಿನ ಅದಕ್ಕೇ ಕುಂಕುಮ ಏರಿಸಿದಳೇ? ನನ್ನ ಉಳಿದೆಲ್ಲ ಸಂಶಯಗಳು ಲಂಡನ್ನಿನಲ್ಲಿ ತೀರಿದವು. ಇದೊಂದನ್ನು ತೀರಿಸಲು ಯಾವ ಊರಿನಲ್ಲಿಯೂ ದಾಖಲೆಯಿಲ್ಲ.

"ಮಾಮಾ, ಎಲಿ ಹಾಕೇನಿ, ಬರ್ರಿ. ಥಂಡಿ ಐತಿ ಅಲ್ಲೆ," ಎಂದು ವೈಶಾಲಿ ಕರೆದಳು.

ಎದುರಿನ ಮಾಳಿಗೆಯ ಅಂಚಿನಲ್ಲಿ ಒಂದು ಕಾಗೆ ಕುಳಿತು ಕತ್ತು ಓರೆಮಾಡಿ ನನ್ನನ್ನೇ ಅನುಮಾನದಿಂದ ನೋಡುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಶಾಲು ಹೊದ್ದು, ಬಾಗಿಲಲ್ಲಿ ನಿಂತೆ.

"ತಡಿಯವ್ವಾ," ಎಂದೆ. "ಕಾಗಿ ಉಣ್ಣಲಿ."